ಇಳಿಯಬಾರದ ರೆಕ್ಕೆ

ಪೂರ್ವಿ, ತನುಷ್, ಇದನ್ನು ಇಬ್ಬರೂ ಒಟ್ಟಿಗೆ ಕೂತು ಓದಿ. ಕಳೆದ ರಜೆಯಲ್ಲಿ ನೀವು ಫೋನಿನಲ್ಲಿ ಒಂದು ನೀಲಿ ಕಾರಿನ ಚಿತ್ರ ತೋರಿಸಿ, ಇದರ ರೆಕ್ಕೆಗೆ ವಯರಿಂಗ್ ಮಾಡಿದ್ದು ನೀನೇಯಾ ಅಜ್ಜಿ ಎಂದು ಕೇಳಿದ್ದಿರಿ. ಹೌದು ಎಂದಷ್ಟೇ ಹೇಳಿ ನಾನು ಒಲೆಯ ಮೇಲಿನ ಹಾಲು ನೋಡಲು ಎದ್ದುಹೋದೆ. ಹಾಲು ಆಗಲೇ ಇಳಿಸಿ ಆಗಿತ್ತು. ಎದುರು ಕೂತು ಹೇಳುವಾಗ ನನಗೆ ಮಾತು ಹೊರಡುವುದಿಲ್ಲ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡದಲ್ಲಿ ಬರೆಯುವುದಾದರೆ ಅಷ್ಟು ನಾಚಿಕೆಯಾಗುವುದಿಲ್ಲ. ನಾವೆಲ್ಲ ಆಡಿದ್ದು ಹೆಚ್ಚಿನದೂ ತುಳುವಿನಲ್ಲಿ. ನಿಮಗೆ ಓದಲು ಆಗಲೆಂದು ಕನ್ನಡದಲ್ಲಿ ಹಾಕಿದ್ದೇನೆ.

ಆ ಕಾರು ಮೂಡುಬಿದಿರೆಯ ಒಬ್ಬ ಹೋಟೆಲಿನವರ ಮಗನದು. ಆ ಮಗ ಇರುವುದು ಗಲ್ಫಿನಲ್ಲಿ, ಊರಿಗೆ ರಜೆಗೆ ಮಾತ್ರ ಬರುತ್ತಾರೆ. ಅವರ ಮನೆಯವರ ಹೋಟೆಲಿನ ವ್ಯಾನುಗಳ ವಯರಿಂಗನ್ನು ಮೊದಲು ನಿಮ್ಮ ಅಜ್ಜ ನೋಡಿಕೊಳ್ಳುತ್ತಿದ್ದರು. ಅಜ್ಜ ತೀರಿಹೋದ ಮೇಲೆ ಬಿ.ಸಿ. ರೋಡಿನ ಅಂಗಡಿಯಲ್ಲಿ ಅದೇ ಕೆಲಸ ನಾನು ಮಾಡುತ್ತಿದ್ದೇನೆ. ಆ ಪರಿಚಯದಿಂದ ಆ ಕಾರಿನವರು ರಜೆಗೆ ಬಂದಾಗ ಒಂದು ಶನಿವಾರ ಬೆಳಿಗ್ಗೆ ನನ್ನನ್ನು ಮೂಡುಬಿದಿರೆಗೆ ಕರೆಸಿಕೊಂಡರು.

ಕಾರು ನಿಂತಿದ್ದದ್ದು ಬಾಡಿ ಕೆಲಸ ಮಾಡುವ ಪೊರ್ಬುಗಳ ಶೆಡ್ಡಿನಲ್ಲಿ. ಕ್ರಿಶ್ಚಿಯನ್ ಗಂಡಸರನ್ನು ನಮ್ಮಲ್ಲಿ ಮರ್ಯಾದೆಗೆ ಹಾಗೆ ಕರೆಯುವುದು, ಒಬ್ಬರೇ ಆದರೂ ಪೊರ್ಬುಗಳು. ಎರಡೇ ಬಾಗಿಲಿನ, ನೆಲಕ್ಕೆ ತಾಗಿಕೊಂಡಿರುವ ಕಾರು. ಪೊರ್ಬುಗಳು ಅದರ ಹಿಂದಿನ ಡಿಕ್ಕಿಯ ಮೇಲೆ ಒಂದು ಕಪ್ಪು ಹಲಗೆಯಂಥ ರೆಕ್ಕೆಯನ್ನು ಕೂರಿಸಿ ಆಗಿತ್ತು. ಅದನ್ನು ಎತ್ತಲು ಎರಡು ಕಡೆ ಎರಡು ಮೋಟಾರು. ಮೋಟಾರು ತಿರುಗಿದರೆ ಒಳಗಿನ ಸ್ಕ್ರೂ ತಿರುಗಿ ದಂಡ ಹೊರಗೆ ಬರುತ್ತದೆ. ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ಆ ಮೋಟಾರುಗಳಿಗೆ ಹೇಳುವುದು ಒಂದು ಕಂಟ್ರೋಲ್ ಡಬ್ಬಿ. ಮುಂದಿನ ಬಂಪರಿನ ಅಡಿಯಲ್ಲಿ ಗಾಳಿ ಸೀಳುವ ಒಂದು ತಗಡು, ಅದಕ್ಕೆ ಬೇರೆ ಮೋಟಾರು, ಬೇರೆ ಡಬ್ಬಿ. ಎಲ್ಲವೂ ಒಂದು ಪೆಟ್ಟಿಗೆಯಲ್ಲಿ ಗಲ್ಫಿನಿಂದ ಬಂದದ್ದು.

ಪೊರ್ಬುಗಳು ನನ್ನ ಕೈಯ ಚೀಲ ನೋಡಿ, "ಅಕ್ಕ, ಇದು ಬಸ್ಸಲ್ಲ ಮಾರಾಯ್ರೆ, ಬಾಗಿಲು ಬಡಿದರೆ ಬಾಗಿಲೇ ಕೈಗೆ ಬರ್ತದೆ," ಎಂದರು. ನಾನು ಬಾಗಿಲನ್ನು ಮಗುವನ್ನು ಮಲಗಿಸಿದ ಹಾಗೆ ಹಾಕಿದೆ.

ಈ ರೆಕ್ಕೆ ಯಾಕೆ ಎಂದು ಕಾರಿನವರನ್ನು ಕೇಳಿದೆ. ಯಾಕೆಂದು ತಿಳಿಯದೆ ತಂತಿ ಎಳೆಯಬಾರದು ಎಂದು ನಿಮ್ಮ ಅಜ್ಜ ಹೇಳುತ್ತಿದ್ದರು.

"ಜೋರು ಹೋಗುವಾಗ ಗಾಳಿ ಕಾರನ್ನು ಎತ್ತಲಿಕ್ಕೆ ನೋಡ್ತದೆ ಅಕ್ಕ. ಈ ರೆಕ್ಕೆ ಅದೇ ಗಾಳಿಯನ್ನು ಹಿಡಿದು ಹಿಂದಿನ ಚಕ್ರವನ್ನು ರಸ್ತೆಗೆ ಒತ್ತುವುದು."

"ಬ್ರೇಕ್ ಹಾಕುವಾಗ?"

"ಆಗ ಇನ್ನೂ ಎದ್ದು ಗಾಳಿಗೆ ಅಡ್ಡ ನಿಲ್ಲಬೇಕು."

"ಏಳದಿದ್ದರೆ?"

"ಏಳದಿದ್ದರೆ ಅಷ್ಟೆಂತ ಇಲ್ಲ. ಎದ್ದು ನಿಂತದ್ದು ಬ್ರೇಕಿನ ಹೊತ್ತಿಗೆ ಇಳಿದರೆ ಉಂಟಲ್ಲ, ಮುಂದೆ ಒತ್ತು, ಹಿಂದೆ ಹಗುರ. ಇನ್ನೂರರಲ್ಲಿ ಹೋಗುವಾಗ ಕಾರು ಬುಗುರಿ ತಿರುಗಿದ ಹಾಗೆ ತಿರುಗ್ತದೆ."

ಹೇಳಿ ಅವರು ನಕ್ಕರು. ಪೊರ್ಬುಗಳೂ ನಕ್ಕರು. ನನಗೆ ನಗು ಬರಲಿಲ್ಲ. ರಸ್ತೆಯಲ್ಲಿ ಅಷ್ಟು ಓಡಿಸುವುದಿಲ್ಲ, ಗುರುವಾರ ಬೆಳಿಗ್ಗೆ ಏಳಕ್ಕೆ ಲಾರಿ ಬರುತ್ತದೆ, ಅದರ ಮೇಲೆ ಹೇರಿ ತಮಿಳುನಾಡಿನ ರೇಸ್ ಟ್ರ್ಯಾಕಿಗೆ ಕೊಂಡುಹೋಗುವುದು ಎಂದು ಅವರು ಹೇಳಿದರು.

ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲಿ ಇಂಗ್ಲಿಷ್ ಇತ್ತು, ಚೀನೀ ಇತ್ತು. ನನಗೆ ಸಾಕಾದದ್ದು ಚಿತ್ರ ಮತ್ತು ಬಣ್ಣ. ಕೆಂಪು ತಂತಿ ಮುಂದಿನ ಬ್ಯಾಟರಿಯಿಂದ ಫ್ಯೂಸ್ ದಾಟಿ ಹಿಂದಕ್ಕೆ. ಹಳದಿ ತಂತಿ ಬ್ರೇಕ್ ಲೈಟಿನಿಂದ, ಬ್ರೇಕ್ ಒತ್ತಿದ್ದು ಡಬ್ಬಿಗೆ ಗೊತ್ತಾಗಲು. ನೀಲಿ ತಂತಿ ಸ್ಪೀಡ್ ತಿಳಿಸಲು. ಕಪ್ಪು ತಂತಿ ಅರ್ತಿಂಗ್, ಎಂದರೆ ಬಂದ ಕರೆಂಟು ಬ್ಯಾಟರಿಗೆ ಹಿಂದೆ ಹೋಗುವ ದಾರಿ.

ಬಸ್ಸು, ಜೀಪು, ವ್ಯಾನುಗಳಲ್ಲಿ ಈ ಕಪ್ಪು ತಂತಿಯನ್ನು ಯಾರೂ ಬ್ಯಾಟರಿಯವರೆಗೆ ಎಳೆಯುವುದಿಲ್ಲ. ಹತ್ತಿರದ ಕಬ್ಬಿಣಕ್ಕೆ ಬೋಲ್ಟ್ ಹಾಕಿದರೆ ಮುಗಿಯಿತು, ಇಡೀ ಬಾಡಿಯೇ ಅರ್ತಿಂಗ್. ನಿಮ್ಮ ಅಜ್ಜ ನನಗೆ ಮೊದಲು ಕಲಿಸಿದ ಪಾಠವೇ ಅದು. ಈ ಕಾರಿನ ಡಿಕ್ಕಿಯ ಒಳಗೆ ಅಡ್ಡಕ್ಕೆ ಒಂದು ಅಲ್ಯುಮಿನಿಯಂ ಪಟ್ಟಿ ಇತ್ತು. ಕಂಪೆನಿಯವರೇ ಹಿಂದಿನ ಲೈಟುಗಳ ಕಪ್ಪು ತಂತಿಯನ್ನು ಅದಕ್ಕೆ ಕೂರಿಸಿದ್ದರು. ಅವರೇ ಅರ್ತಿಂಗ್ ಕೊಟ್ಟ ಜಾಗ, ಮತ್ತೆ ಕೇಳುವುದೇನು ಎಂದು ನಾನೂ ಎರಡು ಮೋಟಾರಿನ ಮತ್ತು ಡಬ್ಬಿಯ ಕಪ್ಪು ತಂತಿಗಳನ್ನು ಅಲ್ಲಿಗೇ ಬಿಗಿದೆ.

ಭಾನುವಾರ ಮತ್ತು ಸೋಮವಾರ ತಂತಿಗಳನ್ನು ಕಟ್ಟಿದೆ. ಟೇಪು ಸುತ್ತಿದರೆ ಬಿಸಿಗೆ ಅಂಟು ಇಳಿಯುತ್ತದೆ. ನಾನು ಮದುವೆಗೆ ಮುಂಚೆ ಬೀಡಿ ಕಟ್ಟುತ್ತಿದ್ದವಳು. ನೂಲು ಸುತ್ತಿ ಬೆರಳ ತುದಿಯಲ್ಲೇ ಗಂಟು ಹಾಕುವುದು ಕೈಗೆ ಬಂದುಬಿಟ್ಟಿದೆ. ಮೇಣ ಹಚ್ಚಿದ ನೂಲಿನಿಂದ ತಂತಿಯ ಕಟ್ಟಿಗೆ ಒಂದೊಂದು ಬೆರಳಿನಷ್ಟು ದೂರಕ್ಕೆ ಒಂದೊಂದು ಗಂಟು ಹಾಕುತ್ತಾ ಹೋದೆ. ಡಿಕ್ಕಿಯಿಂದ ಸೀಟಿನ ಬದಿಯವರೆಗೆ ಇನ್ನೂರಕ್ಕೂ ಹೆಚ್ಚು ಗಂಟುಗಳು. ಪೊರ್ಬುಗಳು ಬಗ್ಗಿ ನೋಡಿ, "ಇದನ್ನು ಮುಚ್ಚಿಡ್ಲಿಕ್ಕೆ ಮನಸ್ಸು ಬರುವುದಿಲ್ಲ ಅಕ್ಕ," ಎಂದರು. ನನಗೆ ಒಳಗೊಳಗೆ ಖುಷಿಯಾಯಿತು ಎಂದು ಬರೆದರೆ ತಪ್ಪಿಲ್ಲ.

ಸೋಮವಾರ ಮಧ್ಯಾಹ್ನ ಶೆಡ್ಡಿನಲ್ಲೇ ಪರೀಕ್ಷೆ. ಮತ್ತೆ ಮತ್ತೆ ಎತ್ತಿ ಇಳಿಸಿದರೆ ಬ್ಯಾಟರಿ ಕೂರುತ್ತದೆಂದು ಹಿಂದಿನ ಗೋಡೆಯ ಪ್ಲಗ್ಗಿನಿಂದ ಚಾರ್ಜರ್ ಕೊಟ್ಟೆ. ಅದರ ಕೆಂಪು ಕ್ಲಿಪ್ಪನ್ನು ಡಬ್ಬಿಗೆ ಬರುವ ಕೆಂಪು ತಂತಿಯ ತುದಿಗೆ, ಕಪ್ಪು ಕ್ಲಿಪ್ಪನ್ನು ಅದೇ ಅಲ್ಯುಮಿನಿಯಂ ಪಟ್ಟಿಗೆ ಕಚ್ಚಿಸಿದೆ. ನಿಂತ ಕಾರಿನಲ್ಲಿ ಪರೀಕ್ಷೆಗೆಂದೇ ಡಬ್ಬಿಯಲ್ಲಿದ್ದ ಗುಂಡಿ ಒತ್ತಿದಾಗ ರೆಕ್ಕೆ ಎದ್ದಿತು, ಇನ್ನೊಮ್ಮೆ ಒತ್ತಿದಾಗ ಇಳಿಯಿತು. ಬ್ರೇಕ್ ಒತ್ತಿದಾಗ ಇನ್ನೂ ಎದ್ದು ಅಡ್ಡ ನಿಂತಿತು. ಇಪ್ಪತ್ತು ಸಲ ಮಾಡಿದೆವು. ಒಂದು ಸಲವೂ ತಪ್ಪಲಿಲ್ಲ.

ಮಂಗಳವಾರ ಬೆಳಗಿನ ಐದೂವರೆಗೆ ಕಾರಿನವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಹಿಂದಿನ ರಾತ್ರಿ ನಾನು ಮೂಡುಬಿದಿರೆಯಲ್ಲೇ ನನ್ನ ತಂಗಿಯ ಮನೆಯಲ್ಲಿ ಉಳಿದಿದ್ದೆ. ವೇಣೂರು, ಗುರುವಾಯನಕೆರೆ ದಾಟಿ ಬೆಳ್ತಂಗಡಿ. ಅಲ್ಲಿಂದ ಉಜಿರೆ ಕಳೆದು ಚಾರ್ಮಾಡಿಯ ದಾರಿ. ಮಂಜು ಇದ್ದದ್ದರಿಂದ ಲೈಟು ಹಾಕಿಕೊಂಡೇ ಹೋದೆವು. ನನ್ನ ಬದಿಯ ಕನ್ನಡಿಯನ್ನು ರೆಕ್ಕೆ ಕಾಣುವ ಹಾಗೆ ತಿರುಗಿಸಿ ಅದನ್ನೇ ನೋಡುತ್ತಾ ಕೂತಿದ್ದೆ. ಎಂಬತ್ತು ದಾಟಿದಾಗ ರೆಕ್ಕೆ ಎದ್ದಿತು. ನಿಂತಿತು.

ಕಕ್ಕಿಂಜೆಗೆ ಸ್ವಲ್ಪ ಮೊದಲು ಘಾಟಿ ಇಳಿದು ಬಂದ ಒಂದು ಬಸ್ಸು ತಿರುವಿನಲ್ಲಿ ನಮ್ಮ ಬದಿಗೆ ಬಂತು. ಕಾರಿನವರು ಎಡಕ್ಕೆ ಇಂಡಿಕೇಟರ್ ಹಾಕಿ ಬ್ರೇಕ್ ಒತ್ತಿದರು. ಆಗ ಕನ್ನಡಿಯಲ್ಲಿ ರೆಕ್ಕೆ ಒಮ್ಮೆ ನಡುಗಿ ಇಳಿಯತೊಡಗಿತು. ಅಡ್ಡ ನಿಲ್ಲಬೇಕಾದ ಹೊತ್ತಿಗೆ ಸರಿಯಾಗಿ ಅದು ಮಲಗಿಬಿಟ್ಟಿತು.

ಕಾರಿಗೆ ಏನೂ ಆಗಲಿಲ್ಲ. ಆ ಸ್ಪೀಡಿನಲ್ಲಿ ಏನೂ ಆಗುವುದೂ ಇಲ್ಲ.

"ರೆಕ್ಕೆ ಇಳಿಯಿತು," ಎಂದೆ.

"ಇಳಿಯಿತಾ? ನಾನು ಬಸ್ಸು ನೋಡ್ತಾ ಇದ್ದೆ. ಮಂಜಿಗೆ ಎಲ್ಲಿಯಾದರೂ ನೀರು ಹೋಗಿರಬೇಕು. ಬಿಸಿಲು ಬರಲಿ, ಮತ್ತೆ ನೋಡುವ."

ಕಕ್ಕಿಂಜೆಯಲ್ಲಿ ಚಾ ಕುಡಿದು, ಬಿಸಿಲು ಏರಿದ ಮೇಲೆ ಅದೇ ದಾರಿಯಲ್ಲಿ ಹಿಂದೆ ಬಂದೆವು. ಅವರು ಬೇಕೆಂದೇ ಹದಿನೈದು ಸಲ ಬ್ರೇಕ್ ಒತ್ತಿದರು. ಪ್ರತಿ ಸಲವೂ ರೆಕ್ಕೆ ಹೇಳಿದ ಹಾಗೆ ಕೇಳಿತು.

"ಕಂಡಿತಾ ಅಕ್ಕ? ಮಂಜೇ. ಟ್ರ್ಯಾಕಿನಲ್ಲಿ ಮಂಜೂ ಇಲ್ಲ, ಎದುರಿನಿಂದ ಬಸ್ಸೂ ಇಲ್ಲ."

ಶೆಡ್ಡಿಗೆ ಬಂದು ಒಂದೊಂದು ಜೋಡಣೆಯನ್ನೂ ಬಿಚ್ಚಿ ನೋಡಿದೆ. ಎಲ್ಲಿಯೂ ಒಂದು ಹನಿ ನೀರಿರಲಿಲ್ಲ. ಫ್ಯೂಸ್ ಸರಿ. ಮೋಟಾರುಗಳನ್ನು ಬೇರೆ ಮಾಡಿ ಓಡಿಸಿದೆ, ಸರಿ. ಚಾರ್ಜರ್ ಕೊಟ್ಟು ಮತ್ತೆ ಪರೀಕ್ಷೆ ಮಾಡಿದೆ, ಸರಿ. ತಪ್ಪು ಕಂಡಿದ್ದರೆ ಸಮಾಧಾನವಾಗುತ್ತಿತ್ತು. ಎಲ್ಲವೂ ಸರಿ ಇದ್ದದ್ದೇ ನನ್ನ ಎದೆಯ ಮೇಲೆ ಕಲ್ಲಿಟ್ಟ ಹಾಗಾಯಿತು. ಹೊರಡುವ ಹೊತ್ತಿಗೆ ಕಾರಿನವರ ತಾಯಿ ಶೆಡ್ಡಿಗೆ ಬಂದಿದ್ದರು. ಅವರು ಬದಿಗೆ ಕರೆದು, "ನೀವು ಮಾಡಿದ್ದೆಂದು ನನಗೆ ಧೈರ್ಯ. ಅವನು ಯಾರು ಹೇಳಿದರೂ ಕೇಳುವುದಿಲ್ಲ. ಎಂತ ತೊಂದರೆ ಇಲ್ಲವಲ್ಲ?" ಎಂದು ಕೇಳಿದರು. ನಾನು ತಲೆ ಅಲ್ಲಾಡಿಸಿದೆ. ಅದು ಹೌದೋ ಅಲ್ಲವೋ ಎಂದು ಅವರಿಗೂ ಗೊತ್ತಾಗಿರಲಿಕ್ಕಿಲ್ಲ.

ಸಂಜೆ ಬಂಟ್ವಾಳದ ಬಸ್ಸು ಹತ್ತಿದೆ. ಹಳೆಯ ಬಸ್ಸು. ಸಿದ್ದಕಟ್ಟೆ ಹತ್ತಿರ ಬರುವಾಗ ಕತ್ತಲಾಗತೊಡಗಿತ್ತು, ಡ್ರೈವರ್ ಲೈಟು ಹಾಕಿದರು. ಪ್ರತಿ ನಿಲ್ದಾಣದಲ್ಲಿ ಅವರು ಬ್ರೇಕ್ ಒತ್ತುವಾಗ ನನ್ನ ತಲೆಯ ಮೇಲಿನ ದೀಪ ಮಂಕಾಗುತ್ತಿತ್ತು, ಬಿಟ್ಟಾಗ ಬೆಳಗುತ್ತಿತ್ತು. ಇದರ ಅರ್ತಿಂಗ್ ಹೋಗಿದೆ, ಯಾರಿಗಾದರೂ ತೋರಿಸಬಾರದಾ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಬೈದು ಮುಗಿಯುವ ಮೊದಲೇ ನಮ್ಮ ಕಾರು ನೆನಪಾಯಿತು.

ಬೆಳಿಗ್ಗೆ ಕಕ್ಕಿಂಜೆಯಲ್ಲಿ ನಮ್ಮ ಕಾರಿನ ಲೈಟು ಉರಿಯುತ್ತಿತ್ತು. ಬಿಸಿಲಲ್ಲಿ ಹಿಂದೆ ಬರುವಾಗ ಲೈಟು ಆರಿಸಿದ್ದೆವು. ಮಂಜಲ್ಲ, ಲೈಟು. ಹಿಂದಿನ ಲೈಟು, ಬ್ರೇಕ್ ಲೈಟು, ಇಂಡಿಕೇಟರ್, ಎರಡು ಮೋಟಾರು, ಎಲ್ಲದರ ಕರೆಂಟೂ ಹಿಂದೆ ಹೋಗಬೇಕಾದದ್ದು ಆ ಒಂದು ಪಟ್ಟಿಯಿಂದ. ಆ ಪಟ್ಟಿಯಿಂದ ಬ್ಯಾಟರಿಗೆ ದಾರಿ ಯಾವುದು ಎಂದು ನಾನು ನೋಡಿಯೇ ಇರಲಿಲ್ಲ.

ಬುಧವಾರ ಮೊದಲ ಬಸ್ಸಿಗೆ ಮೂಡುಬಿದಿರೆಗೆ ಹೋದೆ. ಕಾರಿನವರು ಬಂದಿರಲಿಲ್ಲ. ಟಾರ್ಚ್ ಹಿಡಿದು ಡಿಕ್ಕಿಯೊಳಗೆ ಮಲಗಿ ಪಟ್ಟಿಯ ಎರಡೂ ತುದಿ ನೋಡಿದೆ. ಅದನ್ನು ಬಾಡಿಗೆ ಕೂರಿಸಿದ್ದದ್ದು ಅಂಟಿನಿಂದ. ಸುತ್ತ ಇದ್ದದ್ದೆಲ್ಲ ಕರೆಂಟು ಹರಿಯದ ಫೈಬರ್. ಬ್ಯಾಟರಿಯ ಕಡೆಗೆ ಅದಕ್ಕೆ ಇದ್ದ ದಾರಿ ಲೈಟುಗಳಿಗೆಂದು ಕಂಪೆನಿಯವರು ಕೊಟ್ಟ ಒಂದು ಸಪೂರ ತಂತಿ ಮಾತ್ರ. ಲೈಟುಗಳಿಗೆ ಅದು ಧಾರಾಳ ಸಾಕು. ನಾನು ಅದರ ಮೇಲೆ ಎರಡು ಮೋಟಾರುಗಳನ್ನು ಹೇರಿದ್ದೆ. ಶೆಡ್ಡಿನಲ್ಲಿ ಯಾಕೆ ತಪ್ಪು ಸಿಕ್ಕಲಿಲ್ಲ ಎಂಬುದೂ ಆಗ ಗೊತ್ತಾಯಿತು. ನನ್ನದೇ ಚಾರ್ಜರಿನ ಕಪ್ಪು ಕ್ಲಿಪ್ಪು ಆ ಪಟ್ಟಿಯಲ್ಲಿತ್ತು. ಅದು ಇದ್ದಷ್ಟು ಹೊತ್ತು ಕರೆಂಟಿಗೆ ಅಲ್ಲಿಯೇ ಹತ್ತಿರದ ದಾರಿ. ಪರೀಕ್ಷೆ ಮಾಡುತ್ತೇನೆಂದು ತಪ್ಪನ್ನು ಮುಚ್ಚಿದವಳು ನಾನೇ.

ಪೊರ್ಬುಗಳನ್ನು ಕರೆದು ಡ್ರೈವರ್ ಸೀಟಿನಲ್ಲಿ ಕೂರಲು ಹೇಳಿದೆ. ಚಾರ್ಜರ್ ಇಲ್ಲದೆ ರೆಕ್ಕೆ ಎತ್ತಿದೆ. ಬ್ಯಾಟರಿಯ ಮೈನಸ್‌ನಿಂದ ಉದ್ದದ ತಂತಿ ತಂದು ಮೀಟರಿನ ಒಂದು ಮುಳ್ಳನ್ನು ಅದಕ್ಕೆ, ಇನ್ನೊಂದನ್ನು ಪಟ್ಟಿಗೆ ಹಿಡಿದೆ. ಎರಡೂ ಒಂದೇ ಆಗಿದ್ದರೆ ಸೊನ್ನೆ ತೋರಿಸಬೇಕು.

"ಲೈಟ್ ಹಾಕಿ ಪೊರ್ಬುಳೆ. ಇಂಡಿಕೇಟರ್ ಹಾಕಿ. ಈಗ ಬ್ರೇಕ್ ಒತ್ತಿ."

ಮೀಟರು ಮೂರೂವರೆ ವೋಲ್ಟಿಗೆ ಏರಿತು. ಅಷ್ಟು ಕರೆಂಟು ಕಳೆದುಕೊಂಡ ಡಬ್ಬಿ ಬುದ್ಧಿ ತಪ್ಪಿ, ಹೊಸದಾಗಿ ಶುರುಮಾಡುವ ಹಾಗೆ ರೆಕ್ಕೆಯನ್ನು ಇಳಿಸಿತು. ಸಪೂರ ತಂತಿಯನ್ನು ಮುಟ್ಟಿದೆ. ಬಿಸಿಯಾಗಿತ್ತು.

"ಇನ್ನೊಮ್ಮೆ," ಎಂದೆ. ಇನ್ನೊಮ್ಮೆಯೂ ಇಳಿಯಿತು. ಪೊರ್ಬುಗಳು ಕಾರಿನಿಂದ ಇಳಿದು ಬಂದು ಮಲಗಿದ ರೆಕ್ಕೆಯನ್ನು ನೋಡುತ್ತಾ ನಿಂತರು.

ಸರಿಮಾಡುವುದು ಹೇಗೆಂದು ನನಗೆ ಗೊತ್ತಿತ್ತು. ಮೋಟಾರು ಮತ್ತು ಡಬ್ಬಿಯ ಕಪ್ಪು ತಂತಿಗಳನ್ನು ಪಟ್ಟಿಯಿಂದ ಬಿಚ್ಚಿ, ದಪ್ಪ ತಂತಿಯಲ್ಲಿ ಕಾರಿನ ಉದ್ದಕ್ಕೂ ಎಳೆದು ನೇರ ಬ್ಯಾಟರಿಯ ಮೈನಸ್‌ಗೆ ಮುಟ್ಟಿಸಬೇಕು. ಅದಕ್ಕೆ ಎರಡೂ ಸೀಟು ತೆಗೆಯಬೇಕು, ನೆಲದ ಹಾಸು ಎಬ್ಬಿಸಬೇಕು. ಒಂದೂವರೆ ದಿನದ ಕೆಲಸ. ಲಾರಿ ಬರುವುದು ಮರುದಿನ ಏಳು ಗಂಟೆಗೆ. ಕಾರಿನವರಿಗೆ ಹೇಳಿದರೆ ಏನು ಹೇಳುತ್ತಾರೆಂಬುದೂ ಗೊತ್ತಿತ್ತು: ಹಗಲು ಹೊತ್ತು ಲೈಟು ಹಾಕುವುದಿಲ್ಲ, ಹಾಗೆಯೇ ಹೋಗುವ. ಅವರು ನಗುತ್ತಾ ಹಾಗೆ ಹೇಳಿದರೆ ನಾನು ಎದುರು ಮಾತಾಡುವುದಿಲ್ಲ. ಗಂಡಸರು ಗಟ್ಟಿಯಾಗಿ ಹೇಳಿದ್ದಕ್ಕೆ ನನ್ನ ತಲೆ ತಾನಾಗಿಯೇ ಹೌದೆಂದು ಅಲ್ಲಾಡುತ್ತದೆ. ಹಿಂದಿನ ಸಂಜೆ ಅವರ ತಾಯಿಯ ಎದುರೂ ಹಾಗೆಯೇ ತಾನಾಗಿ ಅಲ್ಲಾಡಿತ್ತು.

ಹಾಗಾಗಿ ಅವರು ಬರುವ ಮೊದಲೇ ಕಟರ್ ತೆಗೆದುಕೊಂಡೆ. ಡಿಕ್ಕಿಯ ಕಡೆಯಿಂದ ಒಂದೊಂದಾಗಿ ಗಂಟು ಕತ್ತರಿಸುತ್ತಾ ಬಂದೆ. ಆಮೇಲೆ ತಂತಿಗಳನ್ನೂ ಕತ್ತರಿಸಿದೆ. ಸುಮ್ಮನೆ ಬಿಚ್ಚಿಟ್ಟರೆ ಮತ್ತೆ ಜೋಡಿಸಿ ಕೊಡಿ ಎನ್ನಬಹುದು, ಕತ್ತರಿಸಿದ್ದನ್ನು ಯಾರೂ ಹಾಗೆ ಕೇಳುವುದಿಲ್ಲ.

"ಅಕ್ಕ, ಎಂತ ಮಾಡ್ತಾ ಇದ್ದೀರಿ ನೀವು," ಎಂದು ಪೊರ್ಬುಗಳು ಮೆಲ್ಲಗೆ ಕೇಳಿದರು. ಉತ್ತರ ಕೊಟ್ಟರೆ ಕೈ ನಿಲ್ಲುತ್ತದೆಂದು ಮುಂದಿನ ತಂತಿಗೆ ಕಟರ್ ಇಟ್ಟೆ.

ಒಂಬತ್ತು ಗಂಟೆಗೆ ಕಾರಿನವರು ಬಂದು ನೆಲದ ಮೇಲಿನ ತುಂಡುಗಳನ್ನು ನೋಡಿದರು. ಅವರ ಮುಖ ಕೆಂಪಾಯಿತು.

"ಇದೆಂತ?"

"ತಪ್ಪು ನನ್ನದು. ಅರ್ತಿಂಗ್ ಕೊಟ್ಟ ಜಾಗ ಸರಿ ಇಲ್ಲ."

"ನಿನ್ನೆ ಹದಿನೈದು ಸಲ ನೋಡಿದೆವಲ್ಲ ಅಕ್ಕ. ನಾಳೆ ಲಾರಿ ಬರ್ತದೆ. ಕೇಳಿ ಕತ್ತರಿಸಬಹುದಿತ್ತು."

"ಕೇಳಿದರೆ ನೀವು ಬೇಡ ಅಂತಿದ್ದಿರಿ. ನೀವು ಬೇಡ ಅಂದಮೇಲೆ ಕತ್ತರಿಸಲಿಕ್ಕೆ ನನಗೆ ಧೈರ್ಯ ಬರ್ತಿರಲಿಲ್ಲ."

ಅವರು ನನ್ನನ್ನೇ ನೋಡಿದರು. ನಾನು ಕೈಯಲ್ಲಿದ್ದ ಕಟರನ್ನು ನೋಡುತ್ತಿದ್ದೆ. ಅವರು ಇನ್ನೇನೋ ಹೇಳಲು ಹೊರಟಾಗ ಪೊರ್ಬುಗಳು ನಡುವೆ ಬಂದರು.

"ಬ್ರೇಕ್ ಒತ್ತಿದ್ದು ನಾನು. ಎರಡು ಸಲ. ಎರಡು ಸಲವೂ ನನ್ನ ಕಣ್ಣೆದುರೇ ಮಲಗಿತು. ರಜೆ ಮುಗಿಸಿ ವಿಮಾನ ಹತ್ತಬೇಕಾ ಬೇಡವಾ ನಿಮಗೆ? ಹತ್ತಬೇಕಾದರೆ ಬನ್ನಿ, ಈ ಸೀಟು ಎತ್ತಲಿಕ್ಕೆ ಒಂದು ಕೈ ಕೊಡಿ."

ಕಾರಿನವರು ಶೆಡ್ಡಿನ ಬಾಗಿಲಿಗೆ ಹೋದರು. ಅಲ್ಲಿಂದಲೇ ಲಾರಿಯವರಿಗೆ ಫೋನ್ ಮಾಡಿ ಗುರುವಾರ ಮಧ್ಯಾಹ್ನ ಬರಲು ಹೇಳಿದರು. ನನ್ನ ಜೊತೆ ಸಂಜೆಯವರೆಗೆ ಮಾತಾಡಲಿಲ್ಲ. ಆದರೆ ಸೀಟು ಎತ್ತಲು ಬಂದರು.

ಆ ಕೆಲಸದಲ್ಲಿ ಅಂದಚಂದ ನೋಡಲಿಲ್ಲ. ಎರಡು ಮೋಟಾರಿಗೂ ಡಬ್ಬಿಗೂ ಬೇರೆ ಬೇರೆ ಕಪ್ಪು ತಂತಿ, ಮೂರೂ ಬ್ಯಾಟರಿಯವರೆಗೆ. ಪಟ್ಟಿಯನ್ನು ಲೈಟುಗಳಿಗೆ ಮಾತ್ರ ಬಿಟ್ಟುಕೊಟ್ಟೆ. ಬುಧವಾರ ಸಂಜೆ ಐದೂವರೆಯವರೆಗೆ, ಮತ್ತೆ ಗುರುವಾರ ಬೆಳಿಗ್ಗೆ ಏಳರಿಂದ. ಹನ್ನೊಂದಕ್ಕೆ ಎಲ್ಲ ಲೈಟು ಹಾಕಿ ಬ್ರೇಕ್ ಒತ್ತಿಸಿದೆ. ಚಾರ್ಜರನ್ನು ಗೋಡೆಯ ಪ್ಲಗ್ಗಿನಿಂದಲೇ ತೆಗೆಸಿ ಹೊರಗೆ ಇಡಿಸಿದ್ದೆ. ಮೀಟರು ಸೊನ್ನೆಯ ಹತ್ತಿರವೇ ನಿಂತಿತು. ರೆಕ್ಕೆ ಎದ್ದು ಅಡ್ಡ ನಿಂತಿತು.

ಅಷ್ಟಕ್ಕೂ ನನಗೆ ಸಮಾಧಾನವಾಗಲಿಲ್ಲ. ನನಗೆ ಕಾಣದ ತಪ್ಪು ಇನ್ನೊಂದು ಇಲ್ಲವೆಂದು ಯಾರು ಹೇಳಬೇಕು? ಆ ಮೋಟಾರುಗಳ ಒಂದು ಗುಣ ಆಗ ನೆನಪಿಗೆ ಬಂತು: ಕರೆಂಟು ಇಲ್ಲದಿದ್ದರೆ ಸ್ಕ್ರೂ ತಾನಾಗಿ ತಿರುಗುವುದಿಲ್ಲ, ದಂಡ ಇದ್ದಲ್ಲಿಯೇ ನಿಲ್ಲುತ್ತದೆ. ಸ್ಟಿಯರಿಂಗಿನ ಬದಿಯಲ್ಲಿ ಒಂದು ಕೈ ಸ್ವಿಚ್ಚು ಕೂರಿಸಿದೆ. ರೆಕ್ಕೆ ಎದ್ದಮೇಲೆ ಅದನ್ನು ಆರಿಸಿದರೆ ಡಬ್ಬಿ ಏನು ಹೇಳಿದರೂ ಮೋಟಾರಿಗೆ ಕೇಳಿಸುವುದಿಲ್ಲ.

"ಮೊದಲ ಸುತ್ತುಗಳನ್ನು ಇದನ್ನು ಆರಿಸಿಯೇ ಓಡಿಸಿ," ಎಂದು ಕಾರಿನವರಿಗೆ ಹೇಳಿದೆ. ಅಷ್ಟು ದಿನಗಳಲ್ಲಿ ಅವರ ಮುಖ ನೋಡಿ ಹೇಳಿದ್ದು ಅದೊಂದೇ ಮಾತು.

"ಬ್ರೇಕಿಗೆ ರೆಕ್ಕೆ ಅಡ್ಡ ನಿಲ್ಲುವುದಿಲ್ಲ ಆಗ. ತಂದದ್ದೇ ಅದಕ್ಕೆ ಅಕ್ಕ."

"ನಿಲ್ಲುವುದಿಲ್ಲ. ಇಳಿಯುವುದೂ ಇಲ್ಲ. ನಿಧಾನದಲ್ಲಿ ಎಲ್ಲ ಲೈಟು ಹಾಕಿ, ಬ್ರೇಕ್ ಒತ್ತಿ ನೋಡಿ. ನಿಮಗೇ ನಂಬಿಕೆ ಬಂದಮೇಲೆ ಸ್ವಿಚ್ಚು ಹಾಕಿ."

ಅವರು ಸ್ವಿಚ್ಚನ್ನು ಎರಡು ಸಲ ಒತ್ತಿ ನೋಡಿ, "ಆಯ್ತು," ಎಂದರು. ಲಾರಿ ಬಂದು ಕಾರನ್ನು ಹೇರಿಕೊಂಡು ಹೋಯಿತು.

ಶುಕ್ರವಾರ ಮತ್ತು ಶನಿವಾರ ಅಂಗಡಿಯಲ್ಲಿ ನಾನು ಹೇಗೆ ಕೂತಿದ್ದೆನೋ ಗೊತ್ತಿಲ್ಲ. ಒಂದು ಆಟೋದ ಹಾರನ್ನಿಗೆ ತಂತಿ ತಿರುಗುಮುರುಗಾಗಿ ಕೊಟ್ಟೆ. ಫೋನ್ ಬಂದರೆ ಎತ್ತಲು ಹೆದರಿಕೆ, ಬಾರದಿದ್ದರೆ ಅದಕ್ಕಿಂತ ಹೆಚ್ಚು. ಶನಿವಾರ ನಾಲ್ಕು ಗಂಟೆಗೆ ಕಾರಿನವರ ದನಿ ಕೇಳಿಸಿತು. ಹಿಂದಿನಿಂದ ಇಂಜಿನುಗಳ ಸದ್ದು.

"ಅಕ್ಕ, ಒಂಬತ್ತು ಸುತ್ತು ಆಯ್ತು."

"ರೆಕ್ಕೆ?"

"ಐದು ಸುತ್ತು ನಿಮ್ಮ ಸ್ವಿಚ್ಚು ಆರಿಸಿ ಓಡಿಸಿದೆ. ಆಮೇಲೆ ಹಾಕಿದೆ. ಲೈಟು, ಇಂಡಿಕೇಟರ್ ಎಲ್ಲ ಹಾಕಿಕೊಂಡು. ಹಗಲಲ್ಲಿ ಇವನಿಗೆ ಎಂತ ಮರ್ಲು ಅಂತ ಇಲ್ಲಿಯವರು ನಗಾಡಿದರು."

"ಇಳಿಯಿತಾ?"

"ಇಲ್ಲ. ಒಮ್ಮೆಯೂ ಇಳಿಯಲಿಲ್ಲ. ಅಮ್ಮನಿಗೆ ನೀವೇ ಒಮ್ಮೆ ಫೋನ್ ಮಾಡಿ ಹೇಳ್ತೀರಾ? ನಾನು ಹೇಳಿದರೆ ನಂಬುವುದಿಲ್ಲ."

ಅವರ ತಾಯಿಗೆ ಫೋನ್ ಮಾಡಿದೆ. ಮಗನಿಗೆ ಏನೂ ಆಗಿಲ್ಲ ಎಂದು ಮೊದಲು ಹೇಳಿದೆ. ಆಮೇಲೆ, ಮಂಗಳವಾರ ನೀವು ಕೇಳಿದಾಗ ನಾನು ತಲೆ ಅಲ್ಲಾಡಿಸಿದ್ದು ತಪ್ಪು, ಆಗ ತೊಂದರೆ ಇತ್ತು ಎಂದೂ ಹೇಳಿದೆ.

ಮಕ್ಕಳೇ, ಆ ಕಾರು ಈಗಲೂ ಮೂಡುಬಿದಿರೆಯಲ್ಲೇ ಉಂಟು. ಅದರ ಯಜಮಾನರು ವರ್ಷಕ್ಕೊಮ್ಮೆ ಬಂದು ಓಡಿಸುತ್ತಾರೆ. ಮುಂದೆ ಯಾವತ್ತಾದರೂ ಬೇರೆ ಯಾರೋ ಅದರ ಡಿಕ್ಕಿ ಬಿಚ್ಚಬಹುದು. ಅಷ್ಟುದ್ದದ ಮೂರು ಕಪ್ಪು ತಂತಿ ಯಾಕೆ, ಇಲ್ಲಿಯೇ ಪಟ್ಟಿ ಉಂಟಲ್ಲ ಎಂದು ಅವರಿಗೂ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಅದಕ್ಕೆ ಈ ಹಾಳೆಗಳ ಹಿಂಬದಿಯಲ್ಲಿ ತಂತಿಗಳ ದಾರಿಯನ್ನೆಲ್ಲ ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಿದ್ದೇನೆ. ಮೊದಲು ನಾನು ತಪ್ಪಾಗಿ ಕೊಟ್ಟದ್ದನ್ನೂ ಬಿಡಿಸಿ ಅದರ ಮೇಲೆ ಗೀಟು ಹಾಕಿದ್ದೇನೆ. ನಾನಿಲ್ಲದಾಗ ಯಾರಾದರೂ ಕೇಳಿಕೊಂಡು ಬಂದರೆ ಆ ಗೀಟು ಹಾಕಿದ್ದನ್ನೇ ಮೊದಲು ತೋರಿಸಿ. ಅದಕ್ಕಾಗಿ ಈ ಹಾಳೆಗಳು ನಿಮ್ಮ ಹತ್ತಿರ ಇರಲಿ. ಮಡಚಬೇಡಿ, ಮಡಚಿದಲ್ಲಿ ಗೆರೆ ಅಳಿಸಿಹೋಗುತ್ತದೆ.